ಮೆಣಸಿನ ರಾಣಿ, ಕಾನು ನುಂಗಿದ ಕೋಟೆ

ಸಾಗರದಿಂದ ಹೊನ್ನಾವರಕ್ಕೆ ಹೋಗುವ ಬಸ್ಸು ಮಾವಿನಗುಂಡಿ ದಾಟಿ ಘಾಟಿ ಇಳಿಯಲು ಶುರು ಮಾಡಿತೆಂದರೆ ಒಳಗೆ ಕೂತವರಿಗೆ ಎರಡೇ ಕೆಲಸ. ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳೋದು, ಇಲ್ಲವೇ ತಲೆ ತಿರುಗದ ಹಾಗೆ ಕಣ್ಣು ಮುಚ್ಚಿಕೊಳ್ಳೋದು. ಹಾಗಾಗಿ ವಾರಕ್ಕೆರಡು ಸಲ ಓಡಾಡುವ ವ್ಯಾಪಾರಸ್ಥರು ಕೂಡ ಕೆಳಗಿನ ಕಣಿವೆಯನ್ನು ಸರಿಯಾಗಿ ನೋಡಿರೋದು ಅನುಮಾನ. ನೋಡಿದರೂ ಕಾಣೋದು ಕಾಡು, ಅದರಾಚೆ ಮತ್ತೂ ಕಾಡು. ನಡುವೆ ಎಲ್ಲೋ ಒಂದು ಕಡೆ ಶರಾವತಿ ಮಿಂಚಿ ಮರೆಯಾಗುತ್ತೆ.

ಆ ಕಾಡಿನ ಅಡಿಯಲ್ಲಿ ಒಂದು ರಾಜ್ಯ ಮಲಗಿದೆ ಅಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಒಂದು ಕಾಲದಲ್ಲಿ ಇಲ್ಲಿಂದ ಇಳಿದ ಮೆಣಸು ಸಮುದ್ರ ದಾಟಿ ಲಿಸ್ಬನ್ ಪೇಟೆ ಮುಟ್ಟುತ್ತಿತ್ತು. ಅದನ್ನು ಕೊಳ್ಳಲು ಬಂದ ಪೋರ್ಚುಗೀಸರು ಇಲ್ಲಿನ ರಾಣಿಗೆ ತಮ್ಮ ಭಾಷೆಯಲ್ಲಿ ರೈನಾ ದ ಪಿಮೆಂಟಾ, ಅಂದರೆ ಮೆಣಸಿನ ರಾಣಿ, ಅಂತ ಹೆಸರಿಟ್ಟರು. ಅವಳ ಸ್ವಂತ ಹೆಸರು ಚೆನ್ನಭೈರಾದೇವಿ. 1552ರಲ್ಲಿ ಪಟ್ಟವೇರಿ 1606ರವರೆಗೆ ಆಳಿದವಳು. ಲೆಕ್ಕ ಹಾಕಿ ನೋಡಿ, 54 ವರ್ಷ. ಭಾರತದಲ್ಲಿ ಇಷ್ಟು ದೀರ್ಘಕಾಲ ಆಳಿದ ಇನ್ನೊಬ್ಬ ರಾಣಿ ಇಲ್ಲ ಅನ್ನೋದು ಕರಾವಳಿಯವರ ಹೆಮ್ಮೆಯ ಮಾತು.

2025ರ ಜುಲೈನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ದೆಹಲಿಯಲ್ಲಿ ಈಕೆಯ ನೆನಪಿನ ಅಂಚೆಚೀಟಿ ಬಿಡುಗಡೆ ಮಾಡಿದರು. ರಾಜ್ಯ ಹೋಗಿ 400 ವರ್ಷ ದಾಟಿದ ಮೇಲೆ! ಆ ಸುದ್ದಿ ಬಂದ ದಿನ ಎಷ್ಟೋ ಜನ ಇವಳು ಕಿತ್ತೂರಿನವಳೋ ಕೆಳದಿಯವಳೋ ಅಂತ ತಲೆ ಕೆರೆದುಕೊಂಡಿರಲಿಕ್ಕೂ ಸಾಕು. ತಪ್ಪಿಲ್ಲ. ನಮ್ಮ ನಾಡಿನಲ್ಲಿ ಚೆನ್ನಮ್ಮಂದಿರ ಗೊಂದಲ ಹಳೆಯದು. ಕಿತ್ತೂರು ಚೆನ್ನಮ್ಮ ಇಂಗ್ಲಿಷರನ್ನು ಎದುರಿಸಿದ್ದು 1824ರಲ್ಲಿ. ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸಿಟ್ಟು ಮೈಮೇಲೆ ಎಳೆದುಕೊಂಡಿದ್ದು 1689ರಲ್ಲಿ. ಈ ಚೆನ್ನಭೈರಾದೇವಿ ಅವರಿಬ್ಬರಿಗಿಂತ ಹಿಂದಿನವಳು. ಅಷ್ಟೇ ಅಲ್ಲ, ಅವಳನ್ನು ಸೆರೆ ಹಿಡಿದದ್ದು ಕೆಳದಿಯ ಅರಸನೇ. ಸಾಗರದ ಜನ ಎರಡೂ ಕಡೆಗೆ ಜೈ ಅನ್ನುವಾಗ ಈ ಮಾತು ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ಎರಡು ಸೀಮೆ, ಒಬ್ಬಳೇ ಒಡತಿ

ಸಾಳುವ ಮನೆತನದ ಜೈನ ಅರಸರು ಈ ಸೀಮೆಯ ಒಡೆಯರು. ಒಂದು ಶಾಖೆ ನಗಿರೆಯಲ್ಲಿ, ಅಂದರೆ ಗೇರುಸೊಪ್ಪೆಯಲ್ಲಿ. ಇನ್ನೊಂದು ಹಾಡುವಳ್ಳಿಯಲ್ಲಿ, ಈಗಿನ ಭಟ್ಕಳ ತಾಲೂಕಿನಲ್ಲಿ. ಹಾಡುವಳ್ಳಿಗೆ ಶಾಸನಗಳಲ್ಲಿ ಸಂಗೀತಪುರ ಎಂಬ ಚೆಂದದ ಹೆಸರು. ಗೇರುಸೊಪ್ಪೆಗೆ ಕ್ಷೇಮಪುರ, ಭಲ್ಲಾತಕೀಪುರ ಅಂತ ಬೇರೆ ಬೇರೆ ಹೆಸರು. ಭಲ್ಲಾತಕ ಅಂದರೆ ಕರಿಗೇರು. ಊರಿನ ಹೆಸರಲ್ಲಿರೋದು ಆ ಗೇರು. ನಾವೀಗ ಗೇರುಬೀಜ ಅಂತ ತಿನ್ನುವ ಗೋಡಂಬಿಯ ಗಿಡವನ್ನು ತಂದವರು ಪೋರ್ಚುಗೀಸರು, ಅದು ಆಮೇಲಿನ ಮಾತು.

ಈ ಕಡೆಯ ಅರಸುಮನೆಗಳಲ್ಲಿ ಅಳಿಯಸಂತಾನದ ಪದ್ಧತಿ. ಸೋದರಿಯ ಮಕ್ಕಳಿಗೆ ಪಟ್ಟ. ಹೀಗಾಗಿ ಹೆಣ್ಣು ಗದ್ದುಗೆಗೆ ಬರೋದು ಇಲ್ಲಿ ವಿಶೇಷವೇನೂ ಅಲ್ಲ. ಚೆನ್ನಭೈರಾದೇವಿಗಿಂತ ಮೊದಲೂ ಭೈರಾದೇವಿಯರು ಇದ್ದರು. ಜನಪದ ಕಥೆಯಲ್ಲಿ ಇವರೆಲ್ಲ ಸೇರಿ ಒಬ್ಬಳೇ ಆಗಿಬಿಟ್ಟಿದ್ದಾಳೆ. ಅಜ್ಜಿ ಮಾಡಿದ್ದು, ಚಿಕ್ಕಮ್ಮ ಮಾಡಿದ್ದು ಎಲ್ಲಾ ಕೊನೆಯವಳ ಲೆಕ್ಕಕ್ಕೆ ಜಮೆ.

ಆದರೆ ಎರಡೂ ಸೀಮೆಯನ್ನು ಒಂದೇ ಕೈಯಲ್ಲಿ ಹಿಡಿದು ಅರ್ಧ ಶತಮಾನ ದಾಟಿಸಿದವಳು ಚೆನ್ನಭೈರಾದೇವಿ. ಅವಳ ನಕ್ಷೆಯನ್ನು ಮನಸ್ಸಲ್ಲೇ ಬರೆದುಕೊಳ್ಳಿ. ಮೇಲೆ ಘಟ್ಟದ ಮೆಣಸಿನ ಕಾನುಗಳು. ಕೆಳಗೆ ಹೊನ್ನಾವರ, ಭಟ್ಕಳದ ಬಂದರುಗಳು. ನಡುವೆ ಶರಾವತಿ. ಉಬ್ಬರದ ನೀರು ಗೇರುಸೊಪ್ಪೆಯವರೆಗೂ ಬರೋದರಿಂದ ದೋಣಿ ಅಲ್ಲಿಯವರೆಗೆ ಸಲೀಸು. ಘಟ್ಟದ ಮೇಲಿನಿಂದ ಎತ್ತಿನ ಹೇರಿನಲ್ಲಿ ಬಂದ ಮೂಟೆ ಗೇರುಸೊಪ್ಪೆಯಲ್ಲಿ ಇಳಿದು ದೋಣಿ ಹತ್ತಬೇಕು. ಬೆಳೆ, ದಾರಿ, ಬಂದರು, ಮೂರೂ ಒಬ್ಬರ ಕೈಯಲ್ಲಿದ್ದರೆ ಏನಾಗುತ್ತೆ ಅಂತ ಯಾವ ಮಂಡಿ ವರ್ತಕನಿಗೂ ಬಿಡಿಸಿ ಹೇಳಬೇಕಿಲ್ಲ.

ದರ ಯಾರು ಕಟ್ಟಬೇಕು?

ಮೆಣಸು ಅಂದರೆ ಕರಿಮೆಣಸು, ಕಾಳುಮೆಣಸು. ಇಲ್ಲೊಂದು ತಮಾಷೆ ಇದೆ. ಆ ಕಾಲಕ್ಕೆ ಈ ನಾಡಿನ ಸಾರಿಗೆ, ಹುಳಿಗೆ ಖಾರ ಕೊಡುತ್ತಿದ್ದದ್ದು ಈ ಕಾಳೇ. ಕೆಂಪು ಮೆಣಸಿನಕಾಯಿ ಅಮೆರಿಕ ಖಂಡದ್ದು, ಅದನ್ನು ಇಲ್ಲಿಗೆ ತಂದವರೂ ಇದೇ ಪೋರ್ಚುಗೀಸರು. ಬಂದ ಮಾಲು ಮನೆಯವರ ಹೆಸರನ್ನೇ ಹಾಕಿಕೊಂಡು ಮೆಣಸಿನಕಾಯಿ ಆಯಿತು. ಮನೆಯದು ಕರಿಮೆಣಸು, ಕಾಳುಮೆಣಸು ಅಂತ ಅಡ್ಡಹೆಸರು ಹಾಕಿಕೊಳ್ಳಬೇಕಾಯಿತು. ಅಂಗಡಿ ಸಾಲಿನಲ್ಲಿ ಹೊಸಬ ಬಂದು ಹಳಬನ ಬೋರ್ಡು ಕಿತ್ತು ತನಗೆ ಹಾಕಿಕೊಂಡ ಹಾಗೆ.

ಬಳ್ಳಿ ಅಡಿಕೆ ಮರಕ್ಕೋ ಕಾಡುಮರಕ್ಕೋ ಹಬ್ಬುತ್ತೆ. ಡಿಸೆಂಬರ್ ಕಳೆದ ಮೇಲೆ ಕೊಯ್ಲು. ಹಸಿರು ಗೊಂಚಲು ಬಿಸಿಲಿಗೆ ಹಾಕಿದರೆ ನಾಲ್ಕೈದು ದಿನದಲ್ಲಿ ಕಪ್ಪಗೆ ಸುಕ್ಕಾಗುತ್ತೆ. ಒಣಗಿದ ಕಾಳು ಸುಲಭಕ್ಕೆ ಕೆಡೋದಿಲ್ಲ. ವರ್ಷಗಟ್ಟಲೆ ಇಡಬಹುದು. ಅಡಿಕೆ ಬೆಳೆಗಾರರ ಮನೆಯಲ್ಲಿ ಇವತ್ತಿಗೂ ಮೆಣಸಿನ ಮೂಟೆ ಅಂದರೆ ಬ್ಯಾಂಕಿನ ಠೇವಣಿ ಇದ್ದ ಹಾಗೆ. ದರ ಬಿದ್ದರೆ ಅಟ್ಟದ ಮೇಲೆ, ಏರಿದರೆ ಪೇಟೆಗೆ. ಆದರೆ ಪೋರ್ಚುಗೀಸರ ಹಡಗಿಗೆ ಕಾಯುವ ಪುರುಸೊತ್ತಿಲ್ಲ. ಗಾಳಿ ತಿರುಗುವುದರೊಳಗೆ ತುಂಬಿಕೊಂಡು ಹೊರಡಬೇಕು. ತಪ್ಪಿದರೆ ಮುಂದಿನ ವರ್ಷ. ಮಾಲು ಹಿಡಿದಿಡುವ ತಾಕತ್ತು ರಾಣಿಯ ಕಡೆ, ಅವಸರ ಕೊಳ್ಳುವವನ ಕಡೆ. ಇಂಥ ವ್ಯಾಪಾರದಲ್ಲಿ ದರ ಕಟ್ಟೋದು ಯಾರು ಅಂತ ಬೇರೆ ಹೇಳಬೇಕೇ?

ಅದಕ್ಕೇ ಪೋರ್ಚುಗೀಸರು ತಕ್ಕಡಿಯ ಪಕ್ಕ ಫಿರಂಗಿ ಇಟ್ಟರು. ಅವರ ಚೀಟಿ ಇಲ್ಲದೆ ಯಾವ ಹಡಗೂ ಸಮುದ್ರಕ್ಕೆ ಇಳಿಯಕೂಡದು. ಕಾರ್ತಾಜ್ ಅಂತ ಆ ಚೀಟಿಯ ಹೆಸರು. ಇಲ್ಲದಿದ್ದರೆ ಮಾಲೂ ಜಪ್ತಿ, ಹಡಗೂ ಜಪ್ತಿ. ಮೆಣಸು ತಮಗೇ ಕೊಡಬೇಕು, ಅದೂ ತಾವು ಹೇಳಿದ ದರಕ್ಕೆ. ಅರಬ್ಬರಿಗೆ, ಮಾಪಿಳ್ಳೆ ವರ್ತಕರಿಗೆ ಕೊಟ್ಟರೆ ಊರು ಸುಡೋದು.

ಸುಟ್ಟಿದ್ದೂ ಉಂಟು. 1505ರಲ್ಲೇ ಅಲ್ಮೇಡ ಹೊನ್ನಾವರಕ್ಕೆ ಬೆಂಕಿ ಹಚ್ಚಿ ಹೋಗಿದ್ದ. ಅದೇ ಹೊನ್ನಾವರದ ತಿಮ್ಮಯ್ಯ ಅಲ್ಬುಕರ್ಕನ ಜತೆ ಸೇರಿ 1510ರಲ್ಲಿ ಗೋವಾ ಹಿಡಿಯಲು ನೆರವಾದ. ಪೋರ್ಚುಗೀಸರು ಅವನನ್ನು ತಿಮೋಜ ಅಂದರು. 1542ರಲ್ಲಿ ಗವರ್ನರ್ ಮಾರ್ಟಿಮ್ ಅಫೋನ್ಸೊ ಡಿ ಸೋಜ ಕಪ್ಪ ಬಾಕಿ ಇದೆ, ಕಡಲುಗಳ್ಳರಿಗೆ ಆಶ್ರಯ ಕೊಟ್ಟಿದ್ದೀರಿ ಎಂಬ ನೆಪ ಹೂಡಿ ಭಟ್ಕಳವನ್ನು ಲೂಟಿ ಮಾಡಿದ. ಆಗ ಭಟ್ಕಳ ಆಳುತ್ತಿದ್ದದ್ದೂ ಒಬ್ಬ ರಾಣಿಯೇ, ಚೆನ್ನಭೈರಾದೇವಿಗಿಂತ ಹಿಂದಿನವಳು. ಹತ್ತು ವರ್ಷದ ನಂತರ ಪಟ್ಟಕ್ಕೆ ಬಂದ ಚೆನ್ನಭೈರಾದೇವಿಗೆ ಆ ಹೊಗೆಯ ವಾಸನೆ ಇನ್ನೂ ಮೂಗಿನಲ್ಲಿ ಇದ್ದಿರಬೇಕು.

ಗೋವಾಕ್ಕೆ ಎದುರಾಗಿ ನಿಂತ ವರ್ಷ

1559ರಲ್ಲಿ ಒಂದು ಸಲ, 1570ರಲ್ಲಿ ಇನ್ನೊಂದು ಸಲ, ಎರಡು ಯುದ್ಧ ಅವಳ ಹೆಸರಿನಲ್ಲಿವೆ. ಇವೆರಡರ ನಡುವೆ 1565 ಬಂತು. ತಾಳಿಕೋಟೆಯಲ್ಲಿ ವಿಜಯನಗರ ಬಿತ್ತು. ಅಲ್ಲಿಯವರೆಗೆ ನಗಿರೆ, ಹಾಡುವಳ್ಳಿಯಂಥ ಸಣ್ಣ ರಾಜ್ಯಗಳ ಬೆನ್ನಿಗೆ ಹಂಪಿಯ ಹೆಸರಾದರೂ ಇತ್ತು. ಇನ್ನು ಅದೂ ಇಲ್ಲ. ಮೇಲಿನಿಂದ ಬಿಜಾಪುರದ ಆದಿಲಶಾಹಿ, ಕಡಲಿನಿಂದ ಗೋವಾ, ಪಕ್ಕದಲ್ಲಿ ದಿನೇ ದಿನೇ ಬಲಿಯುತ್ತಿದ್ದ ಕೆಳದಿ. ಮೂರು ಕಲ್ಲಿನ ನಡುವೆ ಉರಿಯುವ ಒಲೆಯಾಗಿತ್ತು ಅವಳ ರಾಜ್ಯ.

1569ರ ಕೊನೆಗೆ ವೈಸರಾಯ್ ಲೂಯಿಸ್ ಡಿ ಅಟಾಯ್ಡೆ ದೊಡ್ಡ ದಂಡು ತಂದು ಹೊನ್ನಾವರ ಹಿಡಿದ. ಅಲ್ಲಿ ಕೋಟೆ ಕಟ್ಟಿ ಕಾವಲು ಪಡೆ ಕೂರಿಸಿದ. ರಾಣಿಯ ಬಾಯಿಗೇ ಬೀಗ ಹಾಕಿದ ಹಾಗಾಯಿತು. ಮುಂದಿನ ವರ್ಷವೇ ಬಿಜಾಪುರದ ಸುಲ್ತಾನ, ಅಹಮದ್‌ನಗರದ ನಿಜಾಮಶಾಹ, ಕಲ್ಲಿಕೋಟೆಯ ಸಾಮೂದಿರಿ ಮೂವರೂ ಒಂದಾಗಿ ಪೋರ್ಚುಗೀಸರ ಮೇಲೆ ಬಿದ್ದರು. ಅತ್ತ ಗೋವಾಕ್ಕೆ ಮುತ್ತಿಗೆ, ಚೌಲಿಗೆ ಮುತ್ತಿಗೆ. ಇತ್ತ ಹೊನ್ನಾವರದ ಹೊಸ ಕೋಟೆಯ ಮೇಲೆ ಗೇರುಸೊಪ್ಪೆಯ ಪಡೆ. ಒಬ್ಬಳು ಜೈನ ರಾಣಿ, ಇಬ್ಬರು ಮುಸಲ್ಮಾನ ಸುಲ್ತಾನರು, ಒಬ್ಬ ಮಲೆಯಾಳಿ ದೊರೆ. ಜಾತಿ ಮತದ ಲೆಕ್ಕದಲ್ಲಿ ಚರಿತ್ರೆ ಓದುವವರಿಗೆ ಈ ಕೂಟ ಎಲ್ಲಿಗೆ ಸೇರಿಸಬೇಕೋ ತಿಳಿಯೋದಿಲ್ಲ. ಸಮುದ್ರದ ದಾರಿ ತೆರೆದಿರಬೇಕು, ಅಷ್ಟೇ ಅವರೆಲ್ಲರ ಸಮಾನ ಬೇಡಿಕೆ.

ಪೋರ್ಚುಗೀಸರು ಆ ಸಲ ಉಳಿದುಕೊಂಡರು. ಹೊನ್ನಾವರದ ಕೋಟೆಯೂ ಅವರಲ್ಲೇ ಉಳಿಯಿತು. ಆದರೆ ರಾಣಿಯೂ ಉಳಿದಳು. ಅಲ್ಲಿಂದ ಮುಂದೆ 36 ವರ್ಷ ಅದೇ ಜನರಿಗೆ ಮೆಣಸು ಮಾರಿದಳು, ಅದೇ ಜನರ ಜತೆ ಜಗಳ ಆಡಿದಳು. ಗೆದ್ದವರು ಸೋತವರಿಗೆ ಅಂಜಿ ರಾಣಿ ಅಂತ ಕರೆಯೋದು ಅಪರೂಪ. ಮಾಲು ಅವಳ ಕೈಯಲ್ಲಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆಯ ಕಾಟ ಶುರುವಾಯಿತು. ಹೆದರಿ ದಕ್ಷಿಣಕ್ಕೆ ಓಡಿಬಂದ ಕೊಂಕಣಿ ಕುಟುಂಬಗಳು ನೆಲೆ ಹುಡುಕಿದ್ದು ಇದೇ ಕರಾವಳಿಯಲ್ಲಿ. ರಾಣಿಯದು ಜಿನಧರ್ಮ. ಭಟ್ಕಳದಲ್ಲಿ 16ನೇ ಶತಮಾನದ ಜಟ್ಟಪ್ಪ ನಾಯಕನ ಬಸದಿಯೂ ಇದೆ, ಕೊಂಕಣಿಯವನೊಬ್ಬ ಕಟ್ಟಿಸಿದ ಕೇತಪೈ ನಾರಾಯಣ ದೇವಸ್ಥಾನವೂ ಇದೆ. ದೇವಸ್ಥಾನದ ಗೋಡೆಯ ಮೇಲಿನ ಕೆತ್ತನೆ ನೋಡಿದವರು ಮರೆಯೋದಿಲ್ಲ.

ಕಾನೂರು ಕೋಟೆ

ಈಗ ಕೋಟೆಗಳ ವಿಷಯ. ಈ ರಾಣಿಯ ಹೆಸರು ಹೇಳಿದ ಕೂಡಲೇ ಕುಮಟಾದ ಕಡೆಯವರು ಮಿರ್ಜಾನ್ ಅನ್ನುತ್ತಾರೆ. ಅಘನಾಶಿನಿಯ ಹತ್ತಿರ, ಹೆದ್ದಾರಿಯಿಂದ ಕೂಗಳತೆಯಲ್ಲಿ, ಕೆಂಪು ಜಂಬಿಟ್ಟಿಗೆಯ ಗೋಡೆ, ಒಳಗೆ ಮೆಟ್ಟಿಲಿಳಿದು ಹೋಗುವ ಬಾವಿಗಳು. ಮಳೆಗಾಲದಲ್ಲಿ ಗೋಡೆಯೆಲ್ಲಾ ಹಸಿರು ಮಕಮಲ್ಲು. ಫೋಟೋ ತೆಗೆಯುವವರ ಜಾತ್ರೆ. ಕಟ್ಟಿಸಿದ್ದು ರಾಣಿಯೇ ಅನ್ನುವವರುಂಟು, ಬಿಜಾಪುರದ ಅಧಿಕಾರಿ ಅನ್ನುವವರೂ ಉಂಟು. ಅದು ಹೇಗೂ ಬಯಲಿನ ಕೋಟೆ, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಸಂಸಾರ ಸಮೇತ ಹೋಗಿ ಬರಬಹುದು.

ಕಾನೂರು ಹಾಗಲ್ಲ. ಸಾಗರ ತಾಲೂಕಿನ ಪಶ್ಚಿಮದ ಅಂಚು, ಕಾರ್ಗಲ್ಲಿನಿಂದಾಚೆ ಶರಾವತಿ ಕಣಿವೆಯ ಅಭಯಾರಣ್ಯ. ಹಗಲಲ್ಲೂ ಮಬ್ಬು ಕವಿದ ಕಾಡು. ಮಳೆಗಾಲದಲ್ಲಿ ಕಾಲಿಟ್ಟರೆ ಇಂಬಳ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಅಲ್ಲಿ ಬೆಟ್ಟದ ಮೇಲೆ ಕಲ್ಲಿನ ಗೋಡೆಗಳು, ಬಾವಿಗಳು, ಯಾವುದೋ ಕಟ್ಟಡದ ಅಡಿಪಾಯ. ಮರದ ಬೇರು ಗೋಡೆಯನ್ನು ತಬ್ಬಿಕೊಂಡಿದೆಯೋ, ಗೋಡೆಯೇ ಮರವನ್ನು ಹಿಡಿದು ನಿಂತಿದೆಯೋ ಹೇಳೋದು ಕಷ್ಟ.

ರಾಣಿಯ ಕಥೆಗಳೆಲ್ಲ ಹುಟ್ಟಿದ್ದು ಇಲ್ಲಿಯೇ. ಮೆಣಸಿನ ಉಗ್ರಾಣ ಇದ್ದದ್ದು ಇಲ್ಲಿ ಅನ್ನುತ್ತಾರೆ. ಯೋಚನೆ ಮಾಡಿದರೆ ತಪ್ಪಾಗಿ ಕಾಣೋದಿಲ್ಲ. ಬಂದರಿನಲ್ಲಿ ಮಾಲು ಇಟ್ಟರೆ ಫಿರಂಗಿಯ ಬಾಯಿಗೆ ಇಟ್ಟ ಹಾಗೆ. ಘಟ್ಟದ ಮೇಲೆ ಇಟ್ಟರೆ ಪೋರ್ಚುಗೀಸರ ಹಡಗು ಹತ್ತಿ ಬರುವುದಿಲ್ಲವಲ್ಲ! ಗೋವಾದವರು ಕರಾವಳಿಯ ಊರುಗಳನ್ನು ಎಷ್ಟು ಸಲ ಸುಟ್ಟರೂ ರಾಜ್ಯ ಬೀಳದೆ ಇದ್ದದ್ದಕ್ಕೆ ಘಟ್ಟದ ಮೇಲಿನ ಇಂಥ ಕೋಟೆಗಳೇ ಕಾರಣ. ಸಮುದ್ರಕ್ಕೆ ಬೆನ್ನು ಕೊಟ್ಟು ಕೂರಲು ಒಂದು ಜಾಗ ಇತ್ತು.

ಉಗ್ರಾಣದ ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಿತ್ತು. ಮೆಣಸು ಮಾರಿ ಬಂದ ಚಿನ್ನವನ್ನು ರಾಣಿ ಅಲ್ಲೇ ಹೂತಿಟ್ಟಿದ್ದಾಳೆ ಎಂಬ ಬಾಲ ಅದಕ್ಕೆ ಅಂಟಿಕೊಂಡಿತು. ಅಮಾವಾಸ್ಯೆಯ ರಾತ್ರಿ ಪಿಕಾಸಿ ಹಿಡಿದು ಹೋಗುವವರ ಸಾಲು ಶುರುವಾಯಿತು. ಕೋಟೆಯ ಒಳಗೆ ನಿಧಿಗಳ್ಳರು ತೋಡಿದ ಗುಂಡಿಗಳಿವೆ, ಕಿತ್ತು ಎಸೆದ ಕಲ್ಲುಗಳಿವೆ. ಪೋರ್ಚುಗೀಸರಿಂದ ಆಗದ ಕೆಲಸ ನಮ್ಮವರ ಪಿಕಾಸಿಯಿಂದ ಆಗುತ್ತಿದೆ. ಮೆಣಸಿನ ವ್ಯಾಪಾರದಲ್ಲಿ ಅರ್ಧ ಶತಮಾನ ಕಳೆದವಳು, ಸೈನ್ಯಕ್ಕೆ ಸಂಬಳ ಕೊಡಬೇಕಾದವಳು, ಬಿಜಾಪುರಕ್ಕೆ ಕಪ್ಪ ಕಟ್ಟಬೇಕಾದವಳು ಹಣವನ್ನು ಮಣ್ಣಲ್ಲಿ ಮುಚ್ಚಿಟ್ಟು ಕೂತಿರುತ್ತಾಳೆಯೇ? ಅಂಗಡಿ ನಡೆಸುವ ಯಾರನ್ನಾದರೂ ಕೇಳಿದರೆ ಉತ್ತರ ಸಿಗುತ್ತೆ. ನಿಧಿ ಹುಡುಕುವವರು ಅಂಗಡಿಯವರನ್ನು ಕೇಳೋದಿಲ್ಲ, ಮಂತ್ರವಾದಿಗಳನ್ನು ಕೇಳುತ್ತಾರೆ.

ಇಟಲಿಯವನು ಹೇಳಿದ ಕಥೆ

ರಾಣಿಯ ಅಂತ್ಯದ ಬಗ್ಗೆ ಅತಿ ಹೆಚ್ಚು ಓಡಾಡಿರುವ ಕಥೆ ಇಲ್ಲಿಯವರದ್ದಲ್ಲ. ರೋಮ್ ನಗರದ ಪಿಯೆತ್ರೋ ಡೆಲ್ಲಾ ವಾಲೆ ಎಂಬ ಪ್ರವಾಸಿ 1623ರಲ್ಲಿ ಗೋವಾದ ಪೋರ್ಚುಗೀಸ್ ರಾಯಭಾರಿಯ ಜತೆ ಇಕ್ಕೇರಿಗೆ ಹೊರಟ. ಹೊನ್ನಾವರದಿಂದ ದೋಣಿ ಹತ್ತಿ ಶರಾವತಿಯಲ್ಲಿ ಮೇಲೆ ಬಂದ. ಹೊಳೆಯ ಚೆಲುವಿಗೆ ಮರುಳಾದ. ಗೇರುಸೊಪ್ಪೆಯಲ್ಲಿ ಇಳಿದು ನೋಡಿದರೆ ಊರೇ ಇಲ್ಲ. ರಾಣಿ ಸೋತು ಆಗಿನ್ನೂ 17 ವರ್ಷ. ಅಷ್ಟರಲ್ಲಿ ಅರಮನೆಯ ಜಾಗದಲ್ಲಿ ಮರ ಎದ್ದಿತ್ತು. ನಾಲ್ಕಾರು ರೈತರ ಗುಡಿಸಲು ಬಿಟ್ಟರೆ ಇನ್ನೇನೂ ಇರಲಿಲ್ಲ.

ಊರು ಹಾಳಾದದ್ದು ಹೇಗೆ ಅಂತ ವಿಚಾರಿಸಿ ಅವನು ಬರೆದುಕೊಂಡ ಕಥೆಯ ಸಾರ ಇಷ್ಟು. ರಾಣಿ ಒಬ್ಬ ಪರವೂರಿನ, ಕೆಳಕುಲದ ಗಂಡಸಿಗೆ ಮನಸೋತಳು. ಅಧಿಕಾರವನ್ನೆಲ್ಲ ಅವನ ಕೈಗೆ ಕೊಟ್ಟಳು. ಅವನು ಸರದಾರರನ್ನು ಒಳಗೆ ಹಾಕಿಕೊಂಡು ರಾಣಿಯ ಮೇಲೇ ತಿರುಗಿಬಿದ್ದ. ದಿಕ್ಕು ಕಾಣದೆ ರಾಣಿ ಪೋರ್ಚುಗೀಸರ ನೆರವು ಕೇಳಿದಳು. ಅವರು ಬಂದದ್ದು ತಡವಾಗಿ, ಅದೂ ಅರೆಮನಸ್ಸಿನಿಂದ. ದ್ರೋಹಿ ಮಾತ್ರ ಕೆಳದಿಯ ವೆಂಕಟಪ್ಪ ನಾಯಕನನ್ನು ಕರೆದ. ಅವನು ತಡಮಾಡದೆ ಬಂದು ರಾಜ್ಯ ನುಂಗಿದ, ರಾಣಿಯನ್ನು ಸೆರೆ ಹಿಡಿದು ಒಯ್ದ. ದ್ರೋಹಿಗೂ ಒಳ್ಳೆಯದಾಗಲಿಲ್ಲ.

ಕಥೆ ಸೊಗಸಾಗಿದೆ. ನಾಟಕ ಕಂಪನಿಯವರು ಹಾಗೇ ಎತ್ತಿಕೊಳ್ಳಬಹುದು. ಆದರೆ ಸ್ವಲ್ಪ ಲೆಕ್ಕ ಹಾಕಿ. 1552ರಲ್ಲಿ ಪಟ್ಟಕ್ಕೆ ಬಂದಾಗ ಆಕೆಗೆ ಬರೀ 15 ವರ್ಷ ಅಂತಲೇ ಇಟ್ಟುಕೊಳ್ಳೋಣ. 1606ಕ್ಕೆ ಎಷ್ಟಾಯಿತು? 69. ಇಪ್ಪತ್ತರಲ್ಲಿ ಬಂದಿದ್ದರೆ 74. ಮೂರು ದಿಕ್ಕಿನ ಶತ್ರುಗಳನ್ನು ಅಷ್ಟು ವರ್ಷ ನಿಭಾಯಿಸಿದ ಎಪ್ಪತ್ತರ ಮುದುಕಿ ರಾಜ್ಯ ಕಳೆದುಕೊಂಡದ್ದು ಪ್ರೇಮದ ಹುಚ್ಚಿಗೆ ಅಂದರೆ ಯಾರು ನಂಬಬೇಕು?

ಈ ಕಥೆಯನ್ನು ಅವನಿಗೆ ಹೇಳಿದವರು ಯಾರಿರಬಹುದು ನೋಡಿ. ಅವನ ಜತೆಗಿದ್ದವರು ನೆರವಿಗೆ ಬಾರದ ಪೋರ್ಚುಗೀಸರ ಕಡೆಯವರು, ಇಲ್ಲವೇ ರಾಜ್ಯ ನುಂಗಿದ ವೆಂಕಟಪ್ಪನ ಕಡೆಯವರು. ಗೇರುಸೊಪ್ಪೆಯ ಪರವಾಗಿ ಮಾತಾಡಲು ಅಲ್ಲಿ ಇದ್ದದ್ದು ಆ ನಾಲ್ಕಾರು ಗುಡಿಸಲು. ಗಂಡಸು ರಾಜ ಸೋತರೆ ಸೈನ್ಯ ಸಾಲಲಿಲ್ಲ, ಮಂತ್ರಿ ಕೈಕೊಟ್ಟ ಅಂತಾರೆ. ರಾಣಿ ಸೋತರೆ ಮೊದಲು ಹುಡುಕೋದು ಅವಳ ಅಂತಃಪುರವನ್ನು. ಇಟಲಿಯವನದ್ದೇ ಒಂದು ಒಳ್ಳೆಯ ಗುಣ ಹೇಳಬೇಕು. ಈ ಸೀಮೆಯ ರಾಣಿಯರು ತಮಗೆ ಬೇಕಾದವನನ್ನು ಆರಿಸಿಕೊಳ್ಳುವುದು ಇಲ್ಲಿನ ರೂಢಿ, ಅದರಲ್ಲಿ ಅವಳ ಮಾನಕ್ಕೆ ಕುಂದಿಲ್ಲ ಅಂತ ಅವನೇ ಬರೆದಿದ್ದಾನೆ. ಕಥೆಯನ್ನು ಮುಂದೆ ಸಾಗಿಸಿದವರು ಆ ಸಾಲನ್ನು ಮಾತ್ರ ದಾರಿಯಲ್ಲೇ ಬಿಟ್ಟುಬಂದರು.

ಒಳಗಿನ ದ್ರೋಹ ಪೂರಾ ಸುಳ್ಳು ಅನ್ನಬೇಕಿಲ್ಲ. ಮುದಿ ಒಡತಿ, ಗದ್ದುಗೆಯ ಮೇಲೆ ಕಣ್ಣಿಟ್ಟ ಸರದಾರರು, ಬಾಗಿಲಲ್ಲಿ ಕಾದು ನಿಂತ ನೆರೆಯವನು. ಇಷ್ಟು ಸಾಲದೇ?

ಕೆಳದಿಯ ಕಣ್ಣು

ವೆಂಕಟಪ್ಪ ನಾಯಕ ಸಾಮಾನ್ಯ ಆಸಾಮಿ ಅಲ್ಲ. ಕೆಳದಿ ಎಂಬ ಹಳ್ಳಿಯಲ್ಲಿ 1499ರಲ್ಲಿ ಚೌಡಪ್ಪ ನಾಯಕ ಶುರುಮಾಡಿದ ಪಾಳೆಯಪಟ್ಟನ್ನು ದೊಡ್ಡ ರಾಜ್ಯ ಮಾಡಿದವನು. ಬಿಜಾಪುರದ ದಂಡನ್ನೇ ಎದುರಿಸಿದವನು. ಅವನ ಮಲೆನಾಡಲ್ಲೂ ಮೆಣಸು ಬೆಳೆಯುತ್ತಿತ್ತು. ಆದರೆ ಘಟ್ಟದ ದಾರಿ, ಬಂದರು ಎರಡೂ ಬೇರೆಯವರ ಕೈಲಿದ್ದರೆ ಮೆಣಸು ಇದ್ದೂ ಏನು ಫಲ? ಗೇರುಸೊಪ್ಪೆಯ ಮೇಲೆ ಅವನ ಕಣ್ಣು ಬೀಳಲು ಯಾವ ಪ್ರೇಮಕಥೆಯೂ ಬೇಕಿರಲಿಲ್ಲ. ಘಾಟಿಯ ಹಳೇ ದಾರಿ ಕಾಯುವ ಗೋವರ್ಧನಗಿರಿ ಕೋಟೆಗೆ ಅವನ ಹೆಸರು ಅಂಟಿಕೊಂಡಿರೋದು ಸುಮ್ಮನೆ ಅಲ್ಲ.

1606ರಲ್ಲಿ ಎಲ್ಲಾ ಮುಗಿಯಿತು. 54 ವರ್ಷ ಆಳಿದವಳನ್ನು ಘಾಟಿ ಹತ್ತಿಸಿ ಇಕ್ಕೇರಿಗೆ ಒಯ್ದರು. ಸೆರೆಯಲ್ಲೇ ತೀರಿಕೊಂಡಳು. ಗೋವಾದ ಫಿರಂಗಿಗೆ ಬಗ್ಗದ ರಾಜ್ಯ ಒಂದು ದಿನದ ದಾರಿಯ ನೆರೆಯವನಿಂದ ಹೋಯಿತು. ಮತ್ತೆ ತಲೆ ಎತ್ತದಿರಲಿ ಅಂತ ಗೆದ್ದವನು ಊರನ್ನೂ ಅರಮನೆಯನ್ನೂ ಕೆಡವಿಸಿದ ಅನ್ನೋದು ಇಟಲಿಯವನ ಬರಹದಲ್ಲೇ ಇದೆ. ಕೆಳದಿಯ ಕಡೆಯಿಂದ ಈ ಸಂಗತಿ ತಿಳಿಯಬೇಕಾದರೆ 18ನೇ ಶತಮಾನದ ಲಿಂಗಣ್ಣ ಕವಿಯ ಕೆಳದಿನೃಪವಿಜಯ ಓದಬೇಕು. ಅದು ಹೆಸರಿನಲ್ಲೇ ಹೇಳುವ ಹಾಗೆ ಗೆದ್ದವರ ಪುಸ್ತಕ. ಗೇರುಸೊಪ್ಪೆಯ ಕಡೆಯವರು ಬರೆದ ಪುಸ್ತಕ ಯಾವುದೂ ಅದರ ಎದುರಿಗೆ ನಿಂತಿಲ್ಲ.

ಕೆಳದಿಯನ್ನು ಬಯ್ಯಲು ಇದನ್ನು ಹೇಳುತ್ತಿಲ್ಲ. ಹೊನ್ನಾವರದಿಂದ ಪೋರ್ಚುಗೀಸರನ್ನು ಓಡಿಸುವ ಕೆಲಸವನ್ನು 1654ರಲ್ಲಿ ಮುಗಿಸಿದವನು ಕೆಳದಿಯ ಶಿವಪ್ಪ ನಾಯಕನೇ. ರಾಣಿ 1570ರಲ್ಲಿ ಕೈಹಾಕಿದ ಕೆಲಸ ಅವಳ ರಾಜ್ಯ ಕಸಿದ ಮನೆತನದಿಂದಲೇ ಪೂರೈಸಿತು. ಆ ಮನೆತನದ ಕೊನೆಯ ಗದ್ದುಗೆಯಲ್ಲೂ ಒಬ್ಬ ರಾಣಿ ಕೂತಿದ್ದಳು, ವೀರಮ್ಮಾಜಿ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದು ಆಕೆಯನ್ನು ಮಧುಗಿರಿ ಬೆಟ್ಟದ ಕೋಟೆಯಲ್ಲಿ ಸೆರೆ ಇಟ್ಟ. ಇಕ್ಕೇರಿಯ ಸೆರೆಮನೆಗೂ ಮಧುಗಿರಿಯ ಸೆರೆಮನೆಗೂ ನಡುವೆ 157 ವರ್ಷ.

ಉಳಿದದ್ದು

ಗೇರುಸೊಪ್ಪೆಯ ಉತ್ತಮ ಕಾಲದಲ್ಲಿ ಲಕ್ಷ ಮನೆ, 84 ದೇವಸ್ಥಾನ ಇದ್ದವು ಅನ್ನೋದು ಊರವರ ಹಳೇ ಹೇಳಿಕೆ. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೂ ಅದು ಸೇರಿಕೊಂಡಿದೆ. ಲಕ್ಷ ಮನೆಯ ಲೆಕ್ಕ ಯಾರೂ ಎಣಿಸಿದ್ದಲ್ಲ. ಆದರೆ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ ಇವತ್ತಿಗೂ ನಿಂತಿದೆ. ಕಾರ್ಕಳದ್ದನ್ನು ನೋಡಿದವರಿಗೆ ಅಂದಾಜು ಸಿಗುತ್ತೆ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ಜಿನಬಿಂಬ. ಸುತ್ತ ಕಾಡು, ಉರುಳಿಬಿದ್ದ ಕಂಬಗಳು, ಶಾಸನದ ಕಲ್ಲುಗಳು. ಜೋಗದ ಜಲಪಾತಕ್ಕೆ ಇಂಗ್ಲಿಷರು ಗೇರುಸೊಪ್ಪೆ ಫಾಲ್ಸ್ ಅಂತಲೇ ಹೆಸರಿಟ್ಟಿದ್ದರು. ಊರು ಹೋದ ಮೇಲೂ ಹೆಸರಿನ ತೂಕ ಅಷ್ಟಿತ್ತು. ಈಗ ಗೇರುಸೊಪ್ಪೆ ಅಂದರೆ ಜನಕ್ಕೆ ನೆನಪಾಗೋದು ಕರೆಂಟಿನ ಅಣೆಕಟ್ಟು.

ಮೆಣಸು ಮಾತ್ರ ಜಾಗ ಬಿಟ್ಟಿಲ್ಲ. ಸಾಗರ, ಸಿದ್ದಾಪುರ, ಶಿರಸಿಯ ತೋಟಗಳಲ್ಲಿ ಅದೇ ಬಳ್ಳಿ ಅಡಿಕೆ ಮರ ತಬ್ಬಿಕೊಂಡು ನಿಂತಿದೆ. ಕೊಯ್ಲಿನ ದಿನಗಳಲ್ಲಿ ಅಂಗಳದ ತುಂಬಾ ಕಪ್ಪು ಕಾಳು. ಮಂಡಿಯಲ್ಲಿ ಬೆಳಗ್ಗೆ ಒಂದು ದರ, ಸಂಜೆಗೆ ಇನ್ನೊಂದು.

ಬಸದಿ ನೋಡುವವರು ಹೊನ್ನಾವರದ ಬಸ್ಸಿನಲ್ಲಿ ಗೇರುಸೊಪ್ಪೆಗೇ ಟಿಕೆಟ್ಟು ತಗೊಂಡರೆ ಸಾಕು. ಕಂಡಕ್ಟರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರೋದು ಒಳ್ಳೇದು, ಘಾಟಿ ಇಳಿದ ಮೇಲೆ ನಿದ್ದೆ ಹತ್ತಿಬಿಡುತ್ತೆ. ಕಾನೂರು ಕೋಟೆಯ ಬಾಗಿಲಿಗೆ ಬಸ್ಸಿಲ್ಲ.